ಚಾಲಕನಿಲ್ಲದ ಕಪ್ಪು ಕಾರು: 1977ರ ‘ದಿ ಕಾರ್’ ಇಂದಿಗೂ ಏಕೆ ಹೆದರಿಸುತ್ತದೆ?

[ದೃಶ್ಯ: ಕೆಂಪು ಬಂಡೆಗಳ ನಡುವೆ ಹಾದುಹೋಗುವ ಖಾಲಿ ರಸ್ತೆ. ದೂರದಲ್ಲಿ ಏಳುತ್ತಿರುವ ಧೂಳು.]

ನಿರೂಪಕ: ನಮಸ್ಕಾರ. ದೆವ್ವ ಹೊಕ್ಕ ಕಾರಿನ ಸಿನಿಮಾ ಎಂದರೆ ಹೆಚ್ಚಿನವರಿಗೆ ನೆನಪಾಗುವುದು 1983ರ ‘ಕ್ರಿಸ್ಟೀನ್’. ಅದಕ್ಕೂ ಆರು ವರ್ಷ ಮೊದಲು, 1977ರ ಮೇ ತಿಂಗಳಲ್ಲಿ, ಎಲಿಯಟ್ ಸಿಲ್ವರ್‌ಸ್ಟೀನ್ ನಿರ್ದೇಶನದ ‘ದಿ ಕಾರ್’ ತೆರೆ ಕಂಡಿತ್ತು. ಎರಡೇ ವಾರದೊಳಗೆ ‘ಸ್ಟಾರ್ ವಾರ್ಸ್’ ಬಂದು ಊರೆಲ್ಲ ಅದರದೇ ಮಾತಾಯಿತು. ‘ಜಾಸ್’ ಚಿತ್ರದ ಶಾರ್ಕ್ ತೆಗೆದು ಕಾರು ಇಟ್ಟಿದ್ದಾರೆ ಎಂಬ ಟೀಕೆ ಈ ಚಿತ್ರದ ಬೆನ್ನಿಗೆ ಅಂಟಿಕೊಂಡಿತು. ಟೀಕೆಯಲ್ಲಿ ಹುರುಳಿಲ್ಲದಿಲ್ಲ. ಆದರೆ ಈ ಚಿತ್ರ ‘ಜಾಸ್’ನಿಂದ ಕಲಿತದ್ದು ಸರಿಯಾದ ಪಾಠವನ್ನೇ: ಹೆದರಿಸಬೇಕಾದದ್ದನ್ನು ಪೂರ್ತಿ ತೋರಿಸಬೇಡ.

[ದೃಶ್ಯ: ಕಣಿವೆಯ ರಸ್ತೆಯಲ್ಲಿ ಇಬ್ಬರು ಸೈಕಲ್ ಸವಾರರು.]

ಕಥೆ ಸಣ್ಣದು. ಅಮೆರಿಕದ ಯೂಟಾ ರಾಜ್ಯದ ಸಾಂತಾ ಯನೆಜ್ ಎಂಬ ಕಾಲ್ಪನಿಕ ಊರು. ಸೈಕಲ್ ತುಳಿಯುತ್ತಿದ್ದ ಹುಡುಗ, ಹುಡುಗಿಯನ್ನು ಒಂದು ಕಪ್ಪು ಕಾರು ಬೆನ್ನಟ್ಟಿ ಕೊಲ್ಲುತ್ತದೆ. ಆಮೇಲೆ ರಸ್ತೆಬದಿಯಲ್ಲಿ ನಿಂತಿದ್ದವನೊಬ್ಬ, ಆಮೇಲೆ ಊರಿನ ಶೆರಿಫ್, ಅಂದರೆ ಪೊಲೀಸ್ ಮುಖ್ಯಸ್ಥ. ಹೊಣೆ ಈಗ ವೇಡ್ ಪೇರೆಂಟ್ ಎಂಬ ಅಧಿಕಾರಿಯ ಹೆಗಲಿಗೆ ಬೀಳುತ್ತದೆ. ಈ ಪಾತ್ರದಲ್ಲಿ ಜೇಮ್ಸ್ ಬ್ರೋಲಿನ್. ಶೆರಿಫ್ ಸತ್ತದ್ದನ್ನು ಕಂಡ ನವಾಹೋ ಬುಡಕಟ್ಟಿನ ಮುದುಕಿಯೊಬ್ಬಳು, ಕಾರಿನೊಳಗೆ ಯಾರೂ ಇರಲಿಲ್ಲ ಎನ್ನುತ್ತಾಳೆ. ಆ ಕಾರು ಎಲ್ಲಿಂದ ಬಂತು, ಯಾರದು, ಈ ಊರಿನ ಮೇಲೇಕೆ ಹಗೆ ಎಂಬುದಕ್ಕೆ ಚಿತ್ರ ಕೊನೆಯವರೆಗೂ ಉತ್ತರ ಕೊಡುವುದಿಲ್ಲ. ನನಗೆ ಇದೇ ಹಿಡಿಸಿದ್ದು. ‘ಕ್ರಿಸ್ಟೀನ್’ ಚಿತ್ರದ ಕಾರಿಗೆ ಒಡೆಯನಿದ್ದಾನೆ, ಹೊಟ್ಟೆಕಿಚ್ಚಿದೆ, ಹಿನ್ನೆಲೆಯಿದೆ. ಈ ಕಾರಿಗೆ ಹೆಸರೂ ಇಲ್ಲ.

[ದೃಶ್ಯ: ಕಾರಿನ ಮುಂಭಾಗ, ನಿಧಾನವಾಗಿ ಹತ್ತಿರಕ್ಕೆ.]

ಈಗ ಈ ವಾಹನವನ್ನೇ ಸ್ವಲ್ಪ ಗಮನಿಸಿ. ಮೂಲದಲ್ಲಿ ಇದು 1971ರ ಲಿಂಕನ್ ಕಾಂಟಿನೆಂಟಲ್ ಮಾರ್ಕ್ 3. ಹಣವಂತರು ಕೊಳ್ಳುತ್ತಿದ್ದ ಉದ್ದನೆಯ, ಮೆತ್ತನೆಯ ಕಾರು. ಟಿವಿಯ ‘ಬ್ಯಾಟ್‌ಮನ್’ ಧಾರಾವಾಹಿಗೆ ಬ್ಯಾಟ್‌ಮೊಬೈಲ್ ಕಾರು ಮಾಡಿಕೊಟ್ಟಿದ್ದ ಜಾರ್ಜ್ ಬ್ಯಾರಿಸ್ ಅವರ ಕೈಗೆ ಇದು ಬಂತು. ಅವರು ಛಾವಣಿಯನ್ನು ಮೂರು ಇಂಚು ತಗ್ಗಿಸಿದರು, ಮಡ್‌ಗಾರ್ಡ್‌ಗಳನ್ನು ಎತ್ತರಿಸಿ ಉದ್ದ ಮಾಡಿದರು. ಮೂರೇ ಇಂಚಿನಲ್ಲಿ ಕಾರಿನ ಗುಣವೇ ಬದಲಾಯಿತು. ಗಾಜುಗಳು ಕಿರಿದಾಗಿ, ಹುಬ್ಬು ಗಂಟಿಕ್ಕಿದ ಮನುಷ್ಯನ ಮುಖದ ಹಾಗೆ ಕಾಣತೊಡಗಿತು. ಬಾಗಿಲಿಗೆ ಹಿಡಿಗಳಿಲ್ಲ. ಗಾಜಿನ ಒಳಪದರ ಹೊಗೆಬಣ್ಣ, ಹೊರಪದರ ಜೇನುಬಣ್ಣ; ಹೊರಗಿನಿಂದ ಎಷ್ಟೇ ಇಣುಕಿದರೂ ಒಳಗಿನದು ಕಾಣುವುದಿಲ್ಲ. ಸ್ಟಂಟ್ ಚಾಲಕ ಒಳಗೆ ಕುಳಿತೇ ಓಡಿಸಿದರೂ ಸೀಟು ಖಾಲಿ ಎಂದು ನಾವು ನಂಬುತ್ತೇವೆ. ನಡುನಡುವೆ ಕ್ಯಾಮೆರಾ ಕಾರಿನೊಳಗೆ ಹೋಗಿ, ಆ ಬಣ್ಣದ ಗಾಜಿನ ಮೂಲಕ ರಸ್ತೆಯನ್ನೂ ಓಡುತ್ತಿರುವ ಜನರನ್ನೂ ತೋರಿಸುತ್ತದೆ. ಆಗ ನೋಡುತ್ತಿರುವುದು ಯಾರ ಕಣ್ಣು ಎಂಬ ಪ್ರಶ್ನೆ ಏಳದೆ ಇರುವುದಿಲ್ಲ.

ಚಿತ್ರಕ್ಕಾಗಿ ಆರು ವಾರಗಳಲ್ಲಿ ಇಂಥ ನಾಲ್ಕು ಕಾರುಗಳನ್ನು ಕಟ್ಟಲಾಯಿತು. ಮೂರು ಸಾಹಸ ದೃಶ್ಯಗಳಲ್ಲಿ ನಜ್ಜುಗುಜ್ಜಾದವು. ಹತ್ತಿರದ ಶಾಟ್‌ಗಳಿಗೆಂದು ಇಟ್ಟಿದ್ದ ನಾಲ್ಕನೆಯದು ಉಳಿಯಿತು. ಚಿತ್ರದಲ್ಲಿ ಕಪ್ಪು ಕಾರು ಅಡ್ಡ ಉರುಳುತ್ತಾ ಎರಡು ಪೊಲೀಸ್ ಕಾರುಗಳ ಮೇಲೆ ಹಾದುಹೋಗುವ ದೃಶ್ಯವಿದೆಯಲ್ಲ, ಅದು ಕಂಪ್ಯೂಟರ್ ಕೈಚಳಕವಿಲ್ಲದ ಕಾಲದ್ದು. ಕಬ್ಬಿಣ ನಿಜಕ್ಕೂ ಕಬ್ಬಿಣಕ್ಕೆ ಬಡಿದದ್ದು. ಅದರ ಭಾರ ಇಂದಿಗೂ ಪರದೆಯಲ್ಲಿ ತಿಳಿಯುತ್ತದೆ.

ಸಂಗೀತ ಲೆನಾರ್ಡ್ ರೋಸೆನ್‌ಮನ್ ಅವರದು. ಸತ್ತವರಿಗಾಗಿ ಚರ್ಚುಗಳಲ್ಲಿ ಹಾಡುತ್ತಿದ್ದ ‘ಡಿಯೆಸ್ ಇರೆ’ ಎಂಬ ಹಳೆಯ ಲ್ಯಾಟಿನ್ ಸ್ತೋತ್ರದ ಧಾಟಿಯನ್ನು ಅವರು ಬಳಸಿಕೊಂಡಿದ್ದಾರೆ. ಅದರ ಜೊತೆಗೆ ಆ ಹಾರನ್. ಕೊಂದಾದ ಮೇಲೆ ಕಾರು ಹಾರನ್ ಮಾಡುವ ರೀತಿಯಲ್ಲಿ ಒಂದು ಹಿಗ್ಗು ಇದೆ; ಕೇಳಿದರೆ ಮೈ ಜುಮ್ಮೆನ್ನುತ್ತದೆ.

[ದೃಶ್ಯ: ಸ್ಮಶಾನದ ಗೇಟು. ಗಾಳಿಗೆ ಹಾರುವ ಧೂಳು.]

ಮೆರವಣಿಗೆಯ ಅಭ್ಯಾಸದಲ್ಲಿದ್ದ ಶಾಲಾ ಮಕ್ಕಳ ಮೇಲೆ ಕಾರು ನುಗ್ಗುತ್ತದೆ. ಶಿಕ್ಷಕಿ ಲಾರೆನ್, ಅಂದರೆ ವೇಡ್‌ನ ಪ್ರೇಯಸಿ, ಮಕ್ಕಳನ್ನು ಪಕ್ಕದ ಸ್ಮಶಾನದೊಳಕ್ಕೆ ಓಡಿಸುತ್ತಾಳೆ. ಕಾರು ಗೇಟಿನ ಹೊರಗೇ ನಿಲ್ಲುತ್ತದೆ. ಪವಿತ್ರ ನೆಲವನ್ನು ಅದು ತುಳಿಯಲಾರದು. ಲಾರೆನ್ ಹೊರಗೆ ನಿಂತ ಕಾರಿಗೆ ಮುಖಾಮುಖಿಯಾಗಿ ಬಯ್ಯುತ್ತಾಳೆ, ಧೈರ್ಯವಿದ್ದರೆ ಇಳಿದು ಬಾ ಎಂದು ಕೆಣಕುತ್ತಾಳೆ. ಕ್ಯಾಥ್ಲೀನ್ ಲಾಯ್ಡ್ ಇದನ್ನು ಎಷ್ಟು ಚೆನ್ನಾಗಿ ನಟಿಸಿದ್ದಾರೆ ಎಂದರೆ, ಮುಂದೆ ಕಾರನ್ನು ಮಣಿಸುವವಳು ಇವಳೇ ಎಂದು ನಾವು ಲೆಕ್ಕ ಹಾಕಿಬಿಡುತ್ತೇವೆ.

ಆ ರಾತ್ರಿ ಲಾರೆನ್ ಮನೆಯಲ್ಲಿದ್ದಾಳೆ. ವೇಡ್ ಜೊತೆ ಫೋನಿನಲ್ಲಿ ಮಾತು. ಅವಳ ಬೆನ್ನ ಹಿಂದೆ ಕಿಟಕಿ, ಕಿಟಕಿಯಾಚೆ ಕತ್ತಲು. ಆ ಕತ್ತಲಲ್ಲಿ ಎರಡು ಬೆಳಕಿನ ಚುಕ್ಕೆಗಳು ಮೂಡುತ್ತವೆ. ಅವಳು ಮಾತಾಡುತ್ತಲೇ ಇದ್ದಾಳೆ, ಚುಕ್ಕೆಗಳು ದೊಡ್ಡದಾಗುತ್ತಲೇ ಇವೆ. ಮುಂದಿನ ಕ್ಷಣ ಕಾರು ನೆಲ ಬಿಟ್ಟು ಹಾರಿ, ಮನೆಯ ಒಂದು ಮಗ್ಗುಲಿನಿಂದ ನುಗ್ಗಿ ಇನ್ನೊಂದು ಮಗ್ಗುಲಿನಿಂದ ಹೊರಬೀಳುತ್ತದೆ. ಲಾರೆನ್ ಸತ್ತಳು. ನಾಯಕಿಯನ್ನು ಹೀಗೆ, ಮುನ್ಸೂಚನೆಯ ಸಂಗೀತವೂ ಇಲ್ಲದೆ, ಅವಳ ಮನೆಯೊಳಗೇ ಕೊಂದುಬಿಡುವ ಎದೆಗಾರಿಕೆ ಆ ಕಾಲದ ಸ್ಟುಡಿಯೋ ಚಿತ್ರದಲ್ಲಿ ಅಪರೂಪ. ಇಡೀ ಚಿತ್ರದ ಶ್ರೇಷ್ಠ ದೃಶ್ಯ ಇದು ಎನ್ನಲು ನನಗೆ ಯಾವ ಅನುಮಾನವೂ ಇಲ್ಲ.

[ದೃಶ್ಯ: ಕಣಿವೆಯ ಅಂಚು, ಸ್ಫೋಟ.]

ಚಿತ್ರ ಸೋಲುವುದು ಕೊನೆಯಲ್ಲಿ. ವೇಡ್ ಮತ್ತು ಸಂಗಡಿಗರು ಕಾರನ್ನು ಕಣಿವೆಗೆ ಸೆಳೆದು, ಡೈನಮೈಟ್ ಸಿಡಿಸಿ ಹೂತುಹಾಕುತ್ತಾರೆ. ಏಳುವ ಬೆಂಕಿ, ಹೊಗೆಯಲ್ಲಿ ಸೈತಾನನ ಮುಖವೊಂದು ಕಾಣಿಸಿಕೊಳ್ಳುತ್ತದೆ. ಒಂದೂವರೆ ಗಂಟೆ ಬಚ್ಚಿಟ್ಟದ್ದನ್ನು ಕೆಲವೇ ಕ್ಷಣಗಳಲ್ಲಿ ಬಯಲು ಮಾಡಿದ್ದು ತಪ್ಪು. ಆರಂಭದಲ್ಲಿ ಸೈತಾನನ ಹೆಸರಿನ ಪಂಥ ‘ಚರ್ಚ್ ಆಫ್ ಸೇಟನ್’ನ ಸ್ಥಾಪಕ ಆಂಟನ್ ಲಾವೇ ಅವರ ಸಾಲುಗಳನ್ನು ಪರದೆಯ ಮೇಲೆ ಹಾಕಿದ್ದೂ ಇದೇ ಆತುರ. ಆ ಬಣ್ಣದ ಗಾಜಿನ ಹಿಂದೆ ನಾವೇ ಊಹಿಸಿಕೊಂಡದ್ದು ಆ ಬೆಂಕಿಯ ಮುಖಕ್ಕಿಂತ ಎಷ್ಟೋ ಪಾಲು ಭಯಂಕರವಾಗಿತ್ತು.

ನೋಡುವವರಿಗೆ ಒಂದು ಸಲಹೆ: ಅಂಚು ಕತ್ತರಿಸಿದ ಹಳೆಯ ಟಿವಿ ಪ್ರತಿ ಬೇಡ, ಅಗಲ ಪರದೆಯ ಪ್ರತಿಯನ್ನೇ ಹುಡುಕಿ. ಛಾಯಾಗ್ರಾಹಕ ಜೆರಾಲ್ಡ್ ಹರ್ಷ್‌ಫೀಲ್ಡ್ ಚೌಕಟ್ಟಿನ ಅಗಲವನ್ನು ಚೆನ್ನಾಗಿ ದುಡಿಸಿಕೊಂಡಿದ್ದಾರೆ. ಅಂಚು ಹೋದರೆ ಆ ಬಯಲಿನ ವಿಸ್ತಾರವೂ ಹೋಗುತ್ತದೆ. ನೋಡಿ ಬಂದು, ಲಾರೆನ್ ಮನೆಯ ದೃಶ್ಯದಲ್ಲಿ ಹೆಡ್‌ಲೈಟ್ ನಿಮ್ಮ ಕಣ್ಣಿಗೆ ಬಿದ್ದದ್ದು ಯಾವಾಗ ಎಂದು ಕೆಳಗೆ ಬರೆಯಿರಿ.