ಮೀನಿನ ಕಣ್ಣು, ಸಿಗಡಿಯ ಮೀಸೆ

ಮಾನ್ಯ ಕೇಳುಗರೇ, ನಮಸ್ಕಾರ.

ಚೀನಾದ ಸಾಂಪ್ರದಾಯಿಕ ಮಸಿಚಿತ್ರಗಳ ಪ್ರಾಣಿಗಳನ್ನು ಅರಿಯಲು ಕಣ್ಣಿನಷ್ಟೇ ಕಿವಿಯೂ ಬೇಕು. ಆ ಭಾಷೆಯಲ್ಲಿ ಮೀನಿಗೂ ‘ಮಿಗುವಷ್ಟು ಇರುವಿಕೆ’ಗೂ ‘ಯು’ ಎಂಬ ಒಂದೇ ಉಚ್ಚಾರಣೆ. ಬಾವಲಿಗೂ ಭಾಗ್ಯಕ್ಕೂ ‘ಫು’. ಬಾವಲಿ ಮನೆ ಹೊಕ್ಕರೆ ಅಪಶಕುನವೆಂದು ನಾವು ಬೆದರುತ್ತೇವೆ. ಅವರೋ ಐದು ಬಾವಲಿಗಳನ್ನು ಬರೆದು ಐದು ಭಾಗ್ಯಗಳನ್ನು ಹಾರೈಸುತ್ತಾರೆ. ಬೆಕ್ಕು ಮತ್ತು ಚಿಟ್ಟೆಯ ಹೆಸರುಗಳನ್ನು ಒಟ್ಟಿಗೆ ಹೇಳಿದರೆ ಎಂಬತ್ತು ತೊಂಬತ್ತರ ಇಳಿವಯಸ್ಸನ್ನು ಸೂಚಿಸುವ ಪದದಂತೆ ಕೇಳಿಸುವುದರಿಂದ, ಆ ಜೋಡಿಯ ಚಿತ್ರವನ್ನು ಹಿರಿಯರಿಗೆ ಉಡುಗೊರೆಯಾಗಿ ಕೊಡುವ ವಾಡಿಕೆಯಿದೆ. ನಮ್ಮ ಆಲಂಕಾರಿಕರ ಶ್ಲೇಷೆ ಅಲ್ಲಿ ಕುಂಚಕ್ಕೆ ಇಳಿದಿದೆಯೆನ್ನಬಹುದು.

ಆದರೆ ಈ ಅರ್ಥಕೋಶವನ್ನು ತಲೆಕೆಳಗು ಮಾಡಿದವರೂ ಇದ್ದರು. 1626ರಲ್ಲಿ ನಾನ್‌ಚಾಂಗಿನಲ್ಲಿ ಮಿಂಗ್ ರಾಜವಂಶದಲ್ಲಿ ಹುಟ್ಟಿದ ಬಾದಾ ಶಾನ್‌ರೆನ್, 1644ರಲ್ಲಿ ಆ ವಂಶದ ಆಳ್ವಿಕೆ ಉರುಳಿದ ಮೇಲೆ ಬೌದ್ಧ ಭಿಕ್ಷುವಾದನು. ಅವನ ಚಿತ್ರಗಳಲ್ಲಿ ಖಾಲಿ ಕಾಗದದ ನಡುವೆ ಒಂಟಿ ಮೀನು ತೇಲುತ್ತದೆ. ನೀರಿಗೆಂದು ಒಂದು ಗೆರೆಯೂ ಇರುವುದಿಲ್ಲ. ಕಣ್ಣಪಾಪೆ ಮೇಲಂಚಿಗೆ ಒತ್ತಿಕೊಂಡು ಬಿಳುಪು ಎದ್ದು ಕಾಣುತ್ತದೆ. ಕಣ್ಣಿನ ಬಿಳುಪು ತೋರಿಸುವುದೆಂದರೆ ಚೀನೀ ಭಾಷೆಯಲ್ಲಿ ತಿರಸ್ಕಾರ. ‘ಯು’ ಎಂದರೆ ಉಳಿದದ್ದು ಎಂಬ ಅರ್ಥವೂ ಇರುವಾಗ, ಆ ಮೀನು ಸಮೃದ್ಧಿಯ ಶುಭಾಶಯವಲ್ಲ, ಅಳಿದ ವಂಶದಲ್ಲಿ ಉಳಿದುಹೋದ ಒಬ್ಬನೆಂದು ನನಗೆ ತೋರುತ್ತದೆ. ಇದು ನನ್ನ ಓದು ಮಾತ್ರ.

ಈ ಬಿರುಸಿನ ಶೈಲಿಗೆ ‘ಷಿಯೆಯಿ’ ಎಂದು ಹೆಸರು, ಅಂದರೆ ಭಾವವನ್ನು ಬರೆಯುವುದು. ಚಿತ್ರವನ್ನು ‘ಬರೆಯುವ’ ಕನ್ನಡಿಗರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ. ಆನ್‌ಹುಯಿ ಪ್ರಾಂತದಲ್ಲಿ ಮರದ ತೊಗಟೆ ಹಾಗೂ ಭತ್ತದ ಹುಲ್ಲಿನಿಂದ ತಯಾರಾಗುವ ಷುವಾನ್ ಕಾಗದ ಮಸಿಯನ್ನು ತಟ್ಟನೆ ಹೀರಿಕೊಳ್ಳುವುದರಿಂದ, ಎಳೆದ ಗೆರೆಯನ್ನು ಅಳಿಸುವ ಮಾತೇ ಇಲ್ಲ.

ಬಡಗಿಯಾಗಿದ್ದು ಚಿತ್ರಕಾರರಾದ ಚಿ ಬೈಶಿ (1864–1957) ಈ ಹೀರುವ ಗುಣವನ್ನೇ ದುಡಿಸಿಕೊಂಡರು. ಮೇಜಿನ ಮೇಲೆ ಜೀವಂತ ಸಿಗಡಿಗಳನ್ನಿಟ್ಟು ನೋಡುತ್ತಿದ್ದ ಅವರು, ತೆಳುಮಸಿಯ ಕೆಲವೇ ಒತ್ತುಗಳಲ್ಲಿ ಮೈಯ ಗಣ್ಣುಗಳನ್ನು ಮೂಡಿಸಿ, ಅದು ಆರುವ ಮುನ್ನ ತಲೆಯ ಭಾಗಕ್ಕೆ ದಟ್ಟಮಸಿ ತಾಕಿಸುತ್ತಿದ್ದರು. ಕಪ್ಪು ಒಳಗೊಳಗೇ ಹರಡಿದಾಗ ಚಿಪ್ಪು ಪಾರದರ್ಶಕವಾಗಿ ಕಾಣುತ್ತಿತ್ತು. ಅನಂತರ ಉದ್ದನೆಯ ಮೀಸೆಗಳು: ಕೈ ಎಲ್ಲಿಯೂ ನಿಲ್ಲದೆ, ಎಲ್ಲಿಯೂ ತಡಬಡಿಸದೆ ಎಳೆಯಬೇಕಾದ ಗೆರೆಗಳು. ವಯಸ್ಸಾದಂತೆ ಅವರು ಸಿಗಡಿಯ ಕಾಲುಗಳನ್ನು ಒಂದೊಂದಾಗಿ ಬಿಡುತ್ತಾ ಬಂದರು. ಕಾಲು ಕಡಿಮೆಯಾದಷ್ಟೂ ಅದು ಹೆಚ್ಚು ಚುರುಕಾಗಿ ಈಜಿತು.