ತಾಮ್ರದ ಏರು, ಸತುವಿನ ಇಳಿತ

ಕೇಳುಗರೆಲ್ಲರಿಗೂ ನಮಸ್ಕಾರ.

ವಯಸ್ಕರೊಬ್ಬರ ಮೈಯಲ್ಲಿರುವ ತಾಮ್ರವನ್ನೆಲ್ಲ ಒಂದೆಡೆ ಗುಡ್ಡೆ ಹಾಕಿದರೆ ಎಷ್ಟಾದೀತು? ಸುಮಾರು 100 ಮಿಲಿಗ್ರಾಂ. ಚಿಟಿಕೆ ಉಪ್ಪಿನಷ್ಟೂ ತೂಗುವುದಿಲ್ಲ. ಸತು 2ರಿಂದ 3 ಗ್ರಾಂ, ಕಬ್ಬಿಣ 3ರಿಂದ 4 ಗ್ರಾಂ. ಸೆಲೆನಿಯಂ ಇನ್ನೂ ಅತ್ಯಲ್ಪ. ಲೇಶ ಧಾತುಗಳು ಎಂದು ಕರೆಯುವುದು ಇವನ್ನೇ. ಅಳತೆ ಲೇಶ, ಕೆಲಸ ಮಾತ್ರ ಬೆಟ್ಟದಷ್ಟು. 300ಕ್ಕೂ ಹೆಚ್ಚು ಕಿಣ್ವಗಳಿಗೆ ಸತು ಬೇಕು. ಕೆಟ್ಟ ಜೀವಕೋಶ ಬೆಳೆಯದಂತೆ ತಡೆಯುವ ಪಿ-53 ಎಂಬ ಕಾವಲುಗಾರ ಪ್ರೋಟೀನು ತನ್ನ ಆಕಾರ ಉಳಿಸಿಕೊಳ್ಳುವುದಕ್ಕೂ ಒಂದು ಸತುವಿನ ಪರಮಾಣು ಇರಲೇಬೇಕು.

ಬಾಯಿ ಕ್ಯಾನ್ಸರ್ ಇರುವವರ ರಕ್ತ ಪರೀಕ್ಷಿಸಿದ ಅನೇಕ ಸಂಶೋಧಕರು ಹೆಚ್ಚುಕಡಿಮೆ ಒಂದೇ ಚಿತ್ರ ಕಂಡಿದ್ದಾರೆ: ತಾಮ್ರ ಏರಿರುತ್ತದೆ, ಸತು, ಕಬ್ಬಿಣ, ಸೆಲೆನಿಯಂ ಇಳಿದಿರುತ್ತವೆ. ಎಲ್ಲ ಅಧ್ಯಯನಗಳ ಅಂಕಿಗಳೂ ತಾಳೆಯಾಗುತ್ತವೆ ಎಂದಲ್ಲ. ಆದರೂ ತಾಮ್ರವನ್ನೋ ಸತುವನ್ನೋ ಒಂಟಿಯಾಗಿ ನೋಡುವುದಕ್ಕಿಂತ ಅವೆರಡರ ಅನುಪಾತವನ್ನು ನೋಡಿದರೆ ವ್ಯತ್ಯಾಸ ಹೆಚ್ಚು ಸ್ಪಷ್ಟವಾಗುತ್ತದೆ. ಒಂದು ಮೇಲೆ, ಇನ್ನೊಂದು ಕೆಳಗೆ. ನಡುವಿನ ಅಂತರ ಎದ್ದು ಕಾಣುತ್ತದೆ.

ತಾಮ್ರ ಏರುವುದೇಕೆ? ಇದಕ್ಕೆ ಒಂದು ನೀರಸ ಉತ್ತರವಿದೆ, ಒಂದು ಸ್ವಾರಸ್ಯದ ಉತ್ತರವಿದೆ. ನೀರಸವಾದದ್ದನ್ನು ಮೊದಲು ಮುಗಿಸಿಬಿಡೋಣ. ರಕ್ತದಲ್ಲಿ ತಾಮ್ರದ ಬಹುಪಾಲನ್ನು ಹೊತ್ತಿರುವುದು ಸೆರುಲೋಪ್ಲಾಸ್ಮಿನ್ ಎಂಬ ಪ್ರೋಟೀನು. ಮೈಯಲ್ಲಿ ಎಲ್ಲಿ ಉರಿಯೂತವಾದರೂ ಯಕೃತ್ತು ಅದನ್ನು ಹೆಚ್ಚು ತಯಾರಿಸುತ್ತದೆ. ಕ್ಯಾನ್ಸರ್ ಗಡ್ಡೆಯೂ ಉರಿಯೂತ ಹುಟ್ಟಿಸುತ್ತದೆ ತಾನೆ.

ಸ್ವಾರಸ್ಯ ಇರುವುದು ಅಡಿಕೆಯಲ್ಲಿ. ಅಡಿಕೆಯಲ್ಲಿ ತಾಮ್ರದ ಅಂಶ ಇತರ ಅನೇಕ ಬೀಜಗಳಿಗಿಂತ ಹೆಚ್ಚು. ಅಗಿಯತೊಡಗಿದ ಕೆಲವೇ ನಿಮಿಷಗಳಲ್ಲಿ ಅದು ಜೊಲ್ಲಿಗೆ ಇಳಿಯುತ್ತದೆ, ಜೊಲ್ಲಿನಿಂದ ಕೆನ್ನೆಯ ಒಳಪದರಕ್ಕೆ. ಅಲ್ಲಿ ಲೈಸಿಲ್ ಆಕ್ಸಿಡೇಸ್ ಎಂಬ ಕಿಣ್ವವಿದೆ. ಒಳಪದರಕ್ಕೆ ಬಿಗಿ ಕೊಡುವ ಕೊಲಾಜನ್ ಎಂಬ ಪ್ರೋಟೀನಿನ ಎಳೆಗಳನ್ನು ಒಂದಕ್ಕೊಂದು ಹೆಣೆಯುವುದು ಅದರ ಕಸುಬು, ತಾಮ್ರ ಇಲ್ಲದೆ ಅದಕ್ಕೆ ಕೈ ಆಡುವುದಿಲ್ಲ. ದಿನವಿಡೀ ತಾಮ್ರ ಸಿಗುತ್ತಿದ್ದರೆ ಹೆಣಿಗೆ ಬಿಗಿಯಾಗುತ್ತಲೇ ಹೋಗುತ್ತದೆ. ಅತ್ತ ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ರಾಸಾಯನಿಕ ಹೊಸ ಎಳೆಗಳು ಹುಟ್ಟುವಂತೆ ಮಾಡುತ್ತಿರುತ್ತದೆ. ಮೆತ್ತಗಿದ್ದ ಕೆನ್ನೆ ಬಿಳಿಚಿಕೊಂಡು ಹಗ್ಗದಂತೆ ಗಟ್ಟಿಯಾಗುತ್ತದೆ. ಖಾರ ಸೋಕಿದರೆ ಉರಿ. ತಮ್ಮದೇ ಮೂರು ಬೆರಳನ್ನು ಒಂದರ ಮೇಲೊಂದಿಟ್ಟು ಒಳಗೆ ತೂರಿಸುವಷ್ಟು ತೆರೆಯುತ್ತಿದ್ದ ಬಾಯಿ ಎರಡಕ್ಕೆ, ಆಮೇಲೆ ಒಂದಕ್ಕೆ ಇಳಿಯುತ್ತದೆ. ಇಂಥ ನಾರುಗಟ್ಟಿದ ಬಾಯಿಗಳಲ್ಲಿ ಕೆಲವು ಮುಂದೆ ಕ್ಯಾನ್ಸರ್‌ಗೆ ತಿರುಗುತ್ತವೆ. ತಂಬಾಕು ಹಾಕದ ಬರೀ ಅಡಿಕೆಯೂ ಕ್ಯಾನ್ಸರ್‌ಕಾರಕ ಎಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ಸಂಪುಟದಲ್ಲಿ ಹೇಳಿದೆ. "ನಾನು ತಂಬಾಕು ಮುಟ್ಟಲ್ಲ, ಬರೀ ಅಡಿಕೆ ಅಷ್ಟೇ" ಎಂದು ಸಮಾಧಾನಪಟ್ಟುಕೊಳ್ಳುವವರು ಇದನ್ನು ಕೇಳಿಸಿಕೊಳ್ಳಬೇಕು.

ಕಬ್ಬಿಣದ ಕಥೆ ಹಳೆಯದು. ರಕ್ತಹೀನತೆಯಿಂದ ಬಳಲುವ, ನುಂಗಲು ತೊಡಕಾಗುವ ಕೆಲವರನ್ನು, ಅವರಲ್ಲಿ ಹೆಚ್ಚಿನವರು ಹೆಂಗಸರು, ಪ್ಯಾಟರ್ಸನ್ ಮತ್ತು ಕೆಲ್ಲಿ ಎಂಬ ವೈದ್ಯರು 1919ರಲ್ಲೇ ವಿವರಿಸಿದ್ದರು. ಕಬ್ಬಿಣ ಸಾಲದೆ ಬಾಯಿ, ಗಂಟಲಿನ ಒಳಪದರ ತೆಳುವಾಗುತ್ತದೆ. ಅಲ್ಲಿ ಕ್ಯಾನ್ಸರ್ ಹುಟ್ಟುವ ಸಾಧ್ಯತೆ ಹೆಚ್ಚುತ್ತದೆ. ಆದರೆ ಬಾಯಲ್ಲಿ ಹುಣ್ಣಾದವರಿಗೆ ಊಟ ಸೇರದೆಯೂ ಕಬ್ಬಿಣ ಕುಸಿಯುತ್ತದಲ್ಲ! ಯಾವುದು ಮೊದಲು, ಯಾವುದು ಆಮೇಲೆ ಎಂದು ಒಂದು ಸಲದ ರಕ್ತಪರೀಕ್ಷೆ ಹೇಳಲಾರದು.

ಹಾಗಾದರೆ ತಾಮ್ರ, ಸತು ನೋಡಿಸಿಕೊಂಡುಬಿಟ್ಟರೆ ಕ್ಯಾನ್ಸರ್ ಇದೆಯೋ ಇಲ್ಲವೋ ತಿಳಿಯುತ್ತದೆಯೇ? ಇಲ್ಲ. ಗರ್ಭಿಣಿಯರಲ್ಲಿ, ಗರ್ಭನಿರೋಧಕ ಗುಳಿಗೆ ನುಂಗುವವರಲ್ಲಿ, ಸೋಂಕು ತಗುಲಿದವರಲ್ಲಿ ತಾಮ್ರ ತಾನಾಗಿಯೇ ಏರುತ್ತದೆ. ಸತು ಊಟವಾದ ಮೇಲೆ ಇಳಿಯುತ್ತದೆ. ಬೆಳಗಿನ ಅಂಕಿ ಸಂಜೆಗೆ ಇರುವುದಿಲ್ಲ. ಪ್ರಯೋಗಾಲಯದವರ ತಲೆನೋವು ಬೇರೆಯದೇ: ರಕ್ತ ತುಂಬಿದ ಕೊಳವೆಯ ರಬ್ಬರ್ ಬಿರಡೆಯಿಂದಲೇ ಸತು ಸೋರಿ ಲೆಕ್ಕ ಕೆಡಿಸುವುದುಂಟು. ಅಷ್ಟು ಸೂಕ್ಷ್ಮವಾದ ಅಳತೆ ಇದು.

ಸತು ಕಡಿಮೆ ಎಂದು ಕೇಳಿ ಅಂಗಡಿಗೆ ಓಡಿ ಗುಳಿಗೆ ತರಲೂ ಬೇಡಿ. ಬಹುಕಾಲ ಅತಿಯಾಗಿ ಸತು ನುಂಗಿದರೆ ಕರುಳು ತಾಮ್ರವನ್ನು ಹೀರಿಕೊಳ್ಳದೆ ಹೊಸದೊಂದು ರಕ್ತಹೀನತೆ ಗಂಟುಬೀಳುತ್ತದೆ.

ಈ ಅಳತೆಗೆ ಬೆಲೆಯೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ನನ್ನ ಮಟ್ಟಿಗೆ ಅದರ ನಿಜವಾದ ಜಾಗ, ಒಬ್ಬರದೇ ಅಂಕಿಯನ್ನು ಅವರದೇ ಹಿಂದಿನ ಅಂಕಿಯೊಂದಿಗೆ ಹೋಲಿಸುವಲ್ಲಿದೆ. ಚಿಕಿತ್ಸೆಯ ನಂತರ ತಾಮ್ರ ಇಳಿದದ್ದನ್ನು ಗಮನಿಸಿದ ಅಧ್ಯಯನಗಳಿವೆ. ನಾರುಗಟ್ಟಿದ ಬಾಯಿಯವರಲ್ಲಿ ಯಾರ ಮೇಲೆ ಹೆಚ್ಚು ಕಣ್ಣಿಡಬೇಕು ಎಂದು ತಿಳಿಯಲು ಮುಂದೆ ಇದು ನೆರವಾಗಬಹುದು. ರೋಗ ಖಚಿತವಾಗುವುದು ಮಾತ್ರ ಇವತ್ತಿಗೂ ಅನುಮಾನದ ಜಾಗದಿಂದ ಒಂದು ಚೂರು ತೆಗೆದು ಸೂಕ್ಷ್ಮದರ್ಶಕದಡಿ ನೋಡಿದಾಗಲೇ. ಎರಡು ವಾರವಾದರೂ ಮಾಯದ ಹುಣ್ಣು, ಒರೆಸಿದರೂ ಹೋಗದ ಬಿಳಿ ಕಲೆ, ಕೆಂಪು ಮಚ್ಚೆ, ದಿನೇ ದಿನೇ ಕಿರಿದಾಗುವ ಬಾಯಿ, ಇವುಗಳಲ್ಲಿ ಒಂದು ಕಂಡರೂ ಮೊದಲು ದಂತವೈದ್ಯರಿಗೆ ಬಾಯಿ ತೋರಿಸಿ. ತಾಮ್ರದ ಲೆಕ್ಕ ಆಮೇಲೆ.

ನಮಸ್ಕಾರ.