ಸೊಹೊದ ನೆಲಮಾಳಿಗೆಗಳಲ್ಲಿ ಹೊಸ ಜಾಝ್

ಪರದೆಯ ಮೇಲೆ ಕಾಣುತ್ತಿರುವ ಈ ಗಿಡ್ಡ ಬೀದಿ ಆರ್ಚರ್ ಸ್ಟ್ರೀಟ್. ಇದು ಲಂಡನ್ನಿನ ಸೊಹೊದಲ್ಲಿದೆ. ಎರಡನೆಯ ಮಹಾಯುದ್ಧ ಮುಗಿದ ಹೊಸತರಲ್ಲಿ ಕೆಲಸ ಹುಡುಕುವ ವಾದಕರು ಇಲ್ಲಿ ಗುಂಪುಗುಂಪಾಗಿ ನಿಂತಿರುತ್ತಿದ್ದರು. ಒಂದು ಹೋಟೆಲಿಗೆ ಡ್ರಮ್ಮರ್ ಬೇಕು, ಇನ್ನೊಂದು ನೃತ್ಯಕೂಟಕ್ಕೆ ಟ್ರಂಪೆಟ್ ಬೇಕು ಎಂದರೆ ಮಾತುಕತೆ ಬೀದಿಯಲ್ಲೇ ಕುದುರುತ್ತಿತ್ತು.

ಹೊಟ್ಟೆಪಾಡೇನೋ ನಡೆಯುತ್ತಿತ್ತು. ಆದರೆ ಕುಣಿಯುವ ಜೋಡಿಗಳ ಹೆಜ್ಜೆ ತಪ್ಪದಂತೆ ಬರೆದಿಟ್ಟದ್ದನ್ನೇ ರಾತ್ರಿಯಿಡೀ ನುಡಿಸಬೇಕು. ಇಪ್ಪತ್ತರ ಆಸುಪಾಸಿನ ಹುಡುಗರಿಗೆ ಅದು ಎಷ್ಟು ದಿನ ರುಚಿಸೀತು? ಅಷ್ಟರಲ್ಲಿ ಚಾರ್ಲಿ ಪಾರ್ಕರ್, ಡಿಝಿ ಗಿಲೆಸ್ಪಿ ಅವರ ಬೀಬಾಪ್ ಧ್ವನಿಮುದ್ರಿಕೆಗಳು ಅಮೆರಿಕದಿಂದ ಬರತೊಡಗಿದವು. ಮಿಂಚಿನ ವೇಗ, ಊಹೆಗೆ ಸಿಕ್ಕದ ತಿರುವುಗಳು, ಮನೋಧರ್ಮಕ್ಕೇ ಮೊದಲ ಮಣೆ. ಅದು ಕುಣಿಯುವುದಕ್ಕಿಂತ ಕುಳಿತು ಕೇಳುವ ಸಂಗೀತವಾಗಿತ್ತು.

ನುಡಿಸುವವರನ್ನು ಕಣ್ಣಾರೆ ನೋಡೋಣವೆಂದರೆ ದಾರಿಯಿಲ್ಲ. ವಾದಕರ ಸಂಘದ ಒತ್ತಾಯದಿಂದ 1935ರಿಂದಲೇ ಬ್ರಿಟಿಷ್ ಸರ್ಕಾರ ಅಮೆರಿಕದ ವಾದ್ಯವೃಂದಗಳಿಗೆ ಕೆಲಸದ ಪರವಾನಗಿ ಕೊಡುವುದನ್ನು ನಿಲ್ಲಿಸಿತ್ತು. ನಮ್ಮವರನ್ನು ಅಲ್ಲಿ ಬಿಟ್ಟುಕೊಳ್ಳುವುದಿಲ್ಲ, ಅವರನ್ನು ನಾವೇಕೆ ಬಿಟ್ಟುಕೊಳ್ಳಬೇಕು ಎಂಬ ಹಟ. ಹುಡುಗರು ಹಡಗು ಹತ್ತಿದರು! ಅಟ್ಲಾಂಟಿಕ್ ದಾಟುವ ಹಡಗುಗಳಿಗೆ ಜೆರಾಲ್ಡೋ ಎಂಬ ವೃಂದನಾಯಕ ವಾದಕರನ್ನು ಒದಗಿಸುತ್ತಿದ್ದ. ರಾನಿ ಸ್ಕಾಟ್, ಜಾನ್ ಡ್ಯಾಂಕ್‌ವರ್ತ್ ಅವರಂಥವರು ಕ್ವೀನ್ ಮೇರಿ ಹಡಗಿನಲ್ಲಿ ಪ್ರಯಾಣಿಕರಿಗಾಗಿ ನೃತ್ಯಸಂಗೀತ ನುಡಿಸುತ್ತ ಹೋಗಿ, ನ್ಯೂಯಾರ್ಕಿನಲ್ಲಿ ಲಂಗರು ಬಿದ್ದ ಕೂಡಲೇ 52ನೆಯ ಬೀದಿಯ ಕ್ಲಬ್ಬುಗಳಿಗೆ ಧಾವಿಸುತ್ತಿದ್ದರು. ಈ ಹಡಗಿನ ನೌಕರಿಗೆ ಅವರ ನಡುವೆ ‘ಜೆರಾಲ್ಡೋನ ನೌಕಾಪಡೆ’ ಎಂಬ ಅಡ್ಡಹೆಸರೂ ಇತ್ತು.

ಈಗ ಮೂಲೆ ತಿರುಗಿದ್ದೇವೆ. ಇದು ಗ್ರೇಟ್ ವಿಂಡ್‌ಮಿಲ್ ಸ್ಟ್ರೀಟ್. ಇಲ್ಲಿನ 41ನೆಯ ಸಂಖ್ಯೆಯ ಕಟ್ಟಡದ ತಾಲೀಮು ಕೊಠಡಿಯಲ್ಲಿ 1948ರ ಡಿಸೆಂಬರಿನಲ್ಲಿ ಕ್ಲಬ್ ಇಲೆವನ್ ಶುರುವಾಯಿತು. ಸ್ಕಾಟ್ ತಂಡದ ಐವರು, ಡ್ಯಾಂಕ್‌ವರ್ತ್ ತಂಡದ ಐವರು, ಲೆಕ್ಕಪತ್ರಕ್ಕೆ ಹ್ಯಾರಿ ಮಾರಿಸ್. ಒಟ್ಟು ಹನ್ನೊಂದು ಜನ. ಮಾಲೀಕನಿಗೆ ಬೇಕಾದದ್ದನ್ನಲ್ಲ, ತಮಗೆ ಬೇಕಾದದ್ದನ್ನು ನುಡಿಸಲು ಅವರು ತಾವೇ ಕಟ್ಟಿಕೊಂಡ ಜಾಗ ಅದು. 1950ರಲ್ಲಿ ಕ್ಲಬ್ ಕಾರ್ನಬಿ ಸ್ಟ್ರೀಟಿಗೆ ಹೋಯಿತು. ಆಗ ಅದು ಯಾರೂ ತಿರುಗಿ ನೋಡದ ಬೀದಿ. ಏಪ್ರಿಲ್‌ನಲ್ಲಿ ಪೊಲೀಸರು ದಾಳಿ ಮಾಡಿ, ಮಾದಕವಸ್ತು ಇಟ್ಟುಕೊಂಡಿದ್ದಕ್ಕೆ ಸ್ಕಾಟ್ ಸೇರಿ ಕೆಲವರನ್ನು ಹಿಡಿದೊಯ್ದರು. ಕೆಲವೇ ತಿಂಗಳಲ್ಲಿ ಬಾಗಿಲು ಬಿತ್ತು.

ಫ್ಲಮಿಂಗೊ, ಸ್ಟುಡಿಯೊ 51 ಮುಂತಾದವುಗಳ ಕಥೆ ಬೇರೆಯೇ ಇದೆ. ನೇರವಾಗಿ ಜೆರಾರ್ಡ್ ಸ್ಟ್ರೀಟಿಗೆ ಬರೋಣ. ಈಗ ಚೀನೀ ಹೋಟೆಲುಗಳ ಕೆಂಪು ದೀಪಗಳು ತೂಗುವ ಬೀದಿ ಇದು. 1959ರ ಅಕ್ಟೋಬರ್ 30ರಂದು 39ನೆಯ ಸಂಖ್ಯೆಯ ನೆಲಮಾಳಿಗೆಯಲ್ಲಿ ಸ್ಕಾಟ್ ಮತ್ತು ಗೆಳೆಯ ಪೀಟ್ ಕಿಂಗ್ ತಮ್ಮ ಕ್ಲಬ್ ತೆರೆದರು. ಮೊದಲು ಅಲ್ಲಿ ಟ್ಯಾಕ್ಸಿ ಚಾಲಕರು ಚಹಾ ಕುಡಿದು ದಣಿವಾರಿಸಿಕೊಳ್ಳುತ್ತಿದ್ದರಂತೆ. ಬಂಡವಾಳವಾಗಿ ಬಂದದ್ದು ಸ್ಕಾಟ್‌ನ ಮಲತಂದೆ ಕೊಟ್ಟ 1,000 ಪೌಂಡ್ ಸಾಲ. ಮೊದಲ ರಾತ್ರಿ ನುಡಿಸಿದವರಲ್ಲಿ ಟಬಿ ಹೇಯ್ಸ್ ಒಬ್ಬ. ವಯಸ್ಸು ಇಪ್ಪತ್ತನಾಲ್ಕು, ಅವನ ಟೆನರ್ ಸ್ಯಾಕ್ಸೊಫೋನಿನ ಓಟಕ್ಕೆ ಆಗಲೇ ಬ್ರಿಟನ್ನಿನಲ್ಲಿ ಸಾಟಿಯಿರಲಿಲ್ಲ.

ದೊಡ್ಡ ವಾದ್ಯವೃಂದಗಳ ಮಟ್ಟಿಗೆ ನಿಷೇಧ 1956ರಲ್ಲಿ ಸಡಿಲವಾಯಿತು. ಸ್ಟ್ಯಾನ್ ಕೆಂಟನ್ ಇಲ್ಲಿಗೆ ಬಂದರೆ ಟೆಡ್ ಹೀತ್ ಅಲ್ಲಿಗೆ ಹೋಗಬೇಕು, ತಲೆಗೆ ತಲೆ ಲೆಕ್ಕ. ಕ್ಲಬ್ಬುಗಳಿಗೂ ಇದನ್ನೇ ಅನ್ವಯಿಸಿ ಎಂದು ಪೀಟ್ ಕಿಂಗ್ ಎರಡೂ ದೇಶಗಳ ಸಂಘಗಳ ಬೆನ್ನುಬಿದ್ದ. ಕೊನೆಗೆ 1961ರಲ್ಲಿ ಹೇಯ್ಸ್ ನ್ಯೂಯಾರ್ಕಿನ ಹಾಫ್ ನೋಟ್ ಕ್ಲಬ್ಬಿಗೆ ಹೋದ, ಝೂಟ್ ಸಿಮ್ಸ್ ಜೆರಾರ್ಡ್ ಸ್ಟ್ರೀಟಿಗೆ ಬಂದ. 1965ರಲ್ಲಿ ಕ್ಲಬ್ ಫ್ರಿತ್ ಸ್ಟ್ರೀಟಿಗೆ ಸ್ಥಳಾಂತರವಾಯಿತು. ಇಂದಿಗೂ ಅಲ್ಲೇ ಇದೆ, ಈಗ ಸಾಕಷ್ಟು ದುಬಾರಿ.

ಆ ನಿಷೇಧ ಇದ್ದುದರಿಂದಲೇ ಬ್ರಿಟಿಷ್ ಜಾಝ್‌ಗೆ ಸ್ವಂತ ದನಿ ಬಂತು ಎಂಬ ವಾದವೊಂದಿದೆ. ನಾನು ಒಪ್ಪುವುದಿಲ್ಲ. ಬಾಗಿಲು ಮುಚ್ಚಿದ್ದಷ್ಟೂ ಕಾಲ ಇಲ್ಲಿನವರ ಕಿವಿ ನ್ಯೂಯಾರ್ಕಿನ ಕಡೆಗೇ ಇತ್ತು. ಬೇರೆ ದನಿ ಬಂದದ್ದು ತೆರೆದಿದ್ದ ಇನ್ನೊಂದು ಬಾಗಿಲಿನಿಂದ. ಜಮೈಕಾ, ಸೇಂಟ್ ವಿನ್ಸೆಂಟ್ ಆಗ ಬ್ರಿಟಿಷ್ ವಸಾಹತುಗಳು. ಅಲ್ಲಿಂದ ಬರುವ ವಾದಕರನ್ನು ಅಮೆರಿಕನ್ನರಿಗೆ ಹಾಕಿದ್ದ ತಡೆ ಮುಟ್ಟುತ್ತಿರಲಿಲ್ಲ. ಕಿಂಗ್‌ಸ್ಟನ್ನಿನ ಆಲ್ಫಾ ಶಾಲೆಯಲ್ಲಿ ಬೆಳೆದ ಜೋ ಹ್ಯಾರಿಯಟ್ 1951ರಲ್ಲಿ ಹಾಗೆಯೇ ಬಂದ. ಮೊದಲಿಗೆ ಪಾರ್ಕರ್ ದಾರಿಯಲ್ಲೇ ಆಲ್ಟೊ ಸ್ಯಾಕ್ಸೊಫೋನ್ ನುಡಿಸಿ, 1960ರ ಹೊತ್ತಿಗೆ ‘ಫ್ರೀ ಫಾರ್ಮ್’ ಧ್ವನಿಮುದ್ರಿಕೆಯಲ್ಲಿ ಕಟ್ಟುಪಾಡುಗಳನ್ನೇ ಸಡಿಲಿಸಿದ. ಟ್ರಂಪೆಟ್ಟಿನಲ್ಲಿ ಸೇಂಟ್ ವಿನ್ಸೆಂಟಿನ ಶೇಕ್ ಕೀನ್ ಜೊತೆಗಿದ್ದ.

ಮುಂದೆ ಹ್ಯಾರಿಯಟ್‌ಗೆ ಜೊತೆಯಾದದ್ದು ಕಲ್ಕತ್ತದಲ್ಲಿ ಹುಟ್ಟಿದ ಪಿಟೀಲುವಾದಕ, ಸಂಯೋಜಕ ಜಾನ್ ಮೇಯರ್. 1966ರ ‘ಇಂಡೊ-ಜಾಝ್ ಸೂಟ್’ ಅವರಿಬ್ಬರದು. ಸಿತಾರಿಗೆ ದಿವಾನ್ ಮೋತಿಹಾರ್, ತಬಲಾಕ್ಕೆ ಕೇಶವ ಸಾಠೆ. ರಾಗದ ಸ್ವರಗಳೊಳಗೇ ಇರಬೇಕಾದ ಜಾಝ್ ವಾದಕರು ಅಲ್ಲಲ್ಲಿ ಬಿಗಿಯಾಗಿ ಕುಳಿತಂತೆ ಕೇಳಿಸುತ್ತಾರೆ, ನಿಜ. ಹ್ಯಾರಿಯಟ್ ಮಾತ್ರ ಹಾಗಲ್ಲ. ನೀವು ‘ಫ್ರೀ ಫಾರ್ಮ್’ ಮೊದಲು ಕೇಳಿ, ಆಮೇಲೆ ಇದಕ್ಕೆ ಬನ್ನಿ. ಆಲ್ಟೊ ಬರುವ ಕಡೆಯಲ್ಲೆಲ್ಲ ಧ್ವನಿ ಸ್ವಲ್ಪ ಹೆಚ್ಚಿಸಿ.